ಕಲ್ಲಿಗೂ ಒಂದು ಮೇಲು, ಒಂದು ಕೆಳಗು

ಸಮುದ್ರದ ಮೀನು ಸಾಕುವವರಿಗೆ ಮೂರ್ನಾಲ್ಕು ವರ್ಷ ಕಳೆಯುತ್ತಿದ್ದಂತೆ ಒಂದು ಆಸೆ ಹುಟ್ಟುತ್ತದೆ: ಟ್ಯಾಂಕಿನ ಕಲ್ಲುಗಳನ್ನೆಲ್ಲ ಹೊಸದಾಗಿ ಜೋಡಿಸಬೇಕು. ಮೊದಮೊದಲು ಹಿಂಬದಿಯ ಗಾಜಿಗೆ ಒತ್ತಿ, ಗೋಡೆ ಕಟ್ಟಿದಂತೆ ಪೇರಿಸಿದ್ದು ಈಗ ಕಣ್ಣಿಗೆ ಹಿಡಿಸುವುದಿಲ್ಲ. ನನ್ನ ಸಲಹೆ ಖಚಿತ. ನೋಡಿ ಬೇಸರವಾಯಿತೆಂದು ಕಲ್ಲು ಎತ್ತಬೇಡಿ, ನೀರು ಸರಿಯಾಗಿ ಹರಿಯುತ್ತಿಲ್ಲ, ಇಲ್ಲವೇ ಬುಡ ಭದ್ರವಿಲ್ಲ ಎಂದಾದರೆ ಎತ್ತಿ. ಎತ್ತಿದ ಮೇಲೆ, ಯಾವ ಮುಖ ಮೇಲಿತ್ತೋ ಅದೇ ಮುಖ ಮೇಲಿರುವಂತೆ ಇಡಿ.

ಟ್ಯಾಂಕಿನ ಈ ಕಲ್ಲಿಗೆ ಲೈವ್ ರಾಕ್ ಎನ್ನುತ್ತಾರೆ; ಎಂದರೆ ಸತ್ತ ಹವಳದ ಸುಣ್ಣದ ಅಸ್ಥಿ. ಮೈಯೆಲ್ಲ ತೂತು, ತೂತಿನ ತುಂಬ ಜೀವ. ಹೊರಮೈಯಲ್ಲಿ ಆಮ್ಲಜನಕ ಬಳಸುವ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳಭಾಗದಲ್ಲಿ ಬೇರೊಂದು ಗುಂಪು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಬಿಡುತ್ತದೆ. ಕಲ್ಲೇ ಫಿಲ್ಟರ್ ಆಗಬಲ್ಲದು ಎಂದು ಹವ್ಯಾಸಿಗಳಿಗೆ ತೋರಿಸಿಕೊಟ್ಟವರು ಜಕಾರ್ತಾದ ಲೀ ಚಿನ್ ಎಂಗ್. 1961ರಲ್ಲಿ ಅವರು ಬರೆದ ಲೇಖನ ಅಮೆರಿಕದ ಮೀನು ಸಾಕಣೆ ಪತ್ರಿಕೆಯೊಂದರಲ್ಲಿ ಬಂತು. ಮುಂದೆ ಬರ್ಲಿನ್‌ನ ಹವ್ಯಾಸಿಗಳು ಇದಕ್ಕೆ ನೊರೆಯೆಬ್ಬಿಸಿ ಹೊಲಸು ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಸೇರಿಸಿದರು. ಇವತ್ತಿಗೂ ನಮ್ಮ ಎಷ್ಟೋ ಟ್ಯಾಂಕುಗಳು ನಡೆಯುವುದು ಆ ಬರ್ಲಿನ್ ಪದ್ಧತಿಯಲ್ಲೇ.

ಹಳೆಯ ಕಲ್ಲೊಂದನ್ನು ನೀರೊಳಗೇ ಮೆಲ್ಲಗೆ ಓರೆ ಮಾಡಿ ನೋಡಿ. ಬೆಳಕು ಬೀಳುವ ಮೇಲ್ಮೈಯಲ್ಲಿ ನೇರಳೆ, ಗುಲಾಬಿ ಬಣ್ಣದ ಕೊರಲೈನ್ ಪಾಚಿ ಗಟ್ಟಿಯಾಗಿ ಹರಡಿರುತ್ತದೆ. ಅಡಿಭಾಗದ ಲೋಕವೇ ಬೇರೆ. ಹಳದಿ, ಬಿಳಿ ಸ್ಪಂಜುಗಳು. ಸುಣ್ಣದ ಸಣ್ಣ ಕೊಳವೆಯಿಂದ ಬೀಸಣಿಗೆ ಚಾಚಿದ ಹುಳುಗಳು. ಬಿರುಕಿನಿಂದ ತೋಳು ಮಾತ್ರ ಹೊರಗಿಟ್ಟ, ನಕ್ಷತ್ರಮೀನಿನ ಬಂಧುವಾದ ಬ್ರಿಟಲ್ ಸ್ಟಾರ್. ಇವೆಲ್ಲ ನೆರಳನ್ನೇ ನಂಬಿ ಬೆಳೆದವು, ನೀರಿನಲ್ಲಿ ತೇಲಿಬರುವ ಕಣಗಳನ್ನು ಸೋಸಿ ತಿನ್ನುವವು. ಅಂದಕ್ಕೆಂದು ಆ ಕಲ್ಲನ್ನು ಮಗುಚಿ ಇಟ್ಟರೆ ಸ್ಪಂಜು ಬೆಳಕಿಗೆ ಬಿದ್ದು ಸೊರಗುತ್ತದೆ, ಕೊರಲೈನ್ ಕತ್ತಲಿಗೆ ಸರಿದು ಬಿಳಿಚಿಕೊಳ್ಳುತ್ತದೆ. ಸತ್ತದ್ದೆಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಸಮುದ್ರದ ನೀರಿನ ಪಿಎಚ್ 8.1ರಿಂದ 8.3 ಇರುವುದರಿಂದ ಅದೇ ಅಮೋನಿಯಾ ಸಿಹಿನೀರಿಗಿಂತ ಇಲ್ಲಿ ಹೆಚ್ಚು ವಿಷ.

ಹಾಗಾದರೆ ಎತ್ತಬೇಕಾದ್ದು ಯಾವಾಗ? ಕಲ್ಲಿನ ಹಿಂದೆ ಕಂದು ಕೆಸರು ಕೂತು, ನೀರು ತಳ್ಳುವ ಪಂಪು ಪವರ್‌ಹೆಡ್‌ನ ಹರಿವು ಅಲ್ಲಿಗೆ ತಲುಪದೆ, ನೀರು ಬದಲಿಸಿದರೂ ನೈಟ್ರೇಟ್ ಇಳಿಯದೆ, ಕೂದಲು ಪಾಚಿ ಮತ್ತೆ ಮತ್ತೆ ಚಿಗುರುತ್ತಿದ್ದರೆ. ಕಲ್ಲುಗಳು ಬರೀ ಮರಳಿನ ಮೇಲೆ ಕೂತಿದ್ದರೂ ಕೈ ಹಾಕಲೇಬೇಕು. ಗೋಬಿ ಮೀನು, ಪಿಸ್ತೂಲ್ ಸೀಗಡಿ ಅಡಿಯ ಮರಳನ್ನು ತೋಡಿದರೆ ಇಡೀ ರಾಶಿ ಗಾಜಿನ ಮೇಲೆ ಉರುಳೀತು. ಬುಡದ ಕಲ್ಲು ಟ್ಯಾಂಕಿನ ತಳದ ಮೇಲೇ ನಿಲ್ಲಬೇಕು; ಮರಳು ಆಮೇಲೆ ಅದರ ಸುತ್ತ ಬರಬೇಕು.

ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಹಟ ಬೇಡ. ಮೂರನೇ ಒಂದು ಪಾಲು ಈಗ, ಎರಡು ವಾರ ಬಿಟ್ಟು ಇನ್ನೊಂದು ಪಾಲು. ಹಿಂದಿನ ದಿನವೇ ಉಪ್ಪುನೀರು ಕಲಸಿ, 1.025 ಸಾಂದ್ರತೆಗೆ ತಂದು, ಟ್ಯಾಂಕಿನಷ್ಟೇ ಬೆಚ್ಚಗೆ ಇಟ್ಟುಕೊಳ್ಳಿ. ಕಲ್ಲು ಎತ್ತುವ ಮೊದಲು ಬುಡದ ಸುತ್ತಲಿನ ಕೆಸರನ್ನು ಸೈಫನ್ ಪೈಪಿನಿಂದ ಎಳೆದುಬಿಡಿ. ಬಹಳ ಕಾಲ ಕದಡದ ಆಳದ ಮರಳು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಕೂಡಲೇ ಕೈ ನಿಲ್ಲಿಸಿ. ಕಲ್ಲನ್ನು ಗಾಳಿಗೆ ಎತ್ತದೆ, ಬಕೆಟನ್ನೇ ಟ್ಯಾಂಕಿಗೆ ಮುಳುಗಿಸಿ ಅದರೊಳಗೆ ಸರಿಸಿ. ಸ್ಪಂಜಿನ ನಾಳಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಆ ಭಾಗ ಸಾಯುತ್ತದೆ.

ಕಲ್ಲಿನ ಮೇಲೆ ಝೋವಾಂಥಸ್, ಪ್ಯಾಲಿಥೋವಾ ಎಂಬ ಹವಳದ ಬಂಧುಗಳು ಇದ್ದರೆ ಕೈಗವಸು, ಕನ್ನಡಕ ಕಡ್ಡಾಯ. ಇವುಗಳ ಕೆಲವು ಜಾತಿಗಳಲ್ಲಿರುವ ಪ್ಯಾಲಿಟಾಕ್ಸಿನ್ ಅತಿ ಘೋರ ವಿಷಗಳಲ್ಲೊಂದು. ಅಂಥ ಕಲ್ಲನ್ನು ಉಜ್ಜುವುದು, ಕುದಿಸುವುದು ಜೀವಕ್ಕೇ ಅಪಾಯ. ಆವಿಯಿಂದಲೂ ಜನ ಆಸ್ಪತ್ರೆ ಸೇರಿದ್ದುಂಟು.

ಹವಳಗಳದ್ದು ಬೆಳಕಿನ ಲೆಕ್ಕ. ತಳದಲ್ಲಿದ್ದದ್ದು ಕಲ್ಲಿನ ಜೊತೆ ದೀಪದ ಹತ್ತಿರ ಬಂದರೆ ಮೈಯೊಳಗಿನ ಸೂಕ್ಷ್ಮ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾಗುತ್ತದೆ. ಕೆಲವು ವಾರ ದೀಪ ತಗ್ಗಿಸಿ, ಮೆಲ್ಲಗೆ ಏರಿಸಿ. ಮೀನುಗಳದ್ದು ಗಡಿಯ ಲೆಕ್ಕ. ತನ್ನ ಬಿಲ ಎಲ್ಲಿ ಹೋಯಿತೆಂದು ಡ್ಯಾಮ್ಸೆಲ್ ಮೀನು ಎರಡು ಮೂರು ದಿನ ತಡಕಾಡುತ್ತದೆ. ಹೊಸ ಮೀನು ಬಿಡುವುದಿದ್ದರೆ ಅದೇ ಸರಿಯಾದ ಹೊತ್ತು, ಏಕೆಂದರೆ ಹಳಬರಿಗೂ ಆಗ ಸ್ವಂತ ಜಾಗವಿರುವುದಿಲ್ಲ. ಆದರೆ ಮೊದಲು ದಿನವೂ ಅಮೋನಿಯಾ ಪರೀಕ್ಷೆ ಮಾಡಿ, ಅದು ಸೊನ್ನೆಯಲ್ಲೇ ನಿಂತಿದೆ ಎಂದು ಖಾತ್ರಿ ಮಾಡಿಕೊಂಡು ಬಿಡಿ.

ಇಷ್ಟು ಜತನ ಯಾಕೆಂದರೆ, ಈ ಕಲ್ಲು ಹಾಳಾದರೆ ಇನ್ನೊಂದು ತಂದೇವು ಎನ್ನುವಂತಿಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಮುರ್ಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಹವಳ ಎತ್ತಿ ತರುವುದು ಅಪರಾಧ. ಹಾಗೇ ಇರಬೇಕು ಕೂಡ. ಒಣ ಕಲ್ಲು, ಸಿಮೆಂಟಿನಲ್ಲಿ ಎರಕ ಹೊಯ್ದ ಕಲ್ಲು ತಂದರೆ ಅದರಲ್ಲಿ ಜೀವ ನೆಲೆಗೊಳ್ಳಲು ತಿಂಗಳುಗಟ್ಟಲೆ ಬೇಕು. ಕೊರಲೈನ್ ಹರಡಲು ವರ್ಷವೇ ಹಿಡಿಯಬಹುದು.

ಒಳ್ಳೆಯ ಜೋಡಣೆಗೆ ನಾನು ನೋಡುವುದು ಮೂರನ್ನು. ಕಲ್ಲು ಮತ್ತು ಗಾಜಿನ ನಡುವೆ ಒರೆಸುವ ಮ್ಯಾಗ್ನೆಟ್ ಆಡುವಷ್ಟು ಜಾಗ. ಪ್ರತಿ ಕಲ್ಲಿನ ಹಿಂದೆಯೂ ಹರಿವ ನೀರು. ಮೀನು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರಬಲ್ಲ ಗವಿ. ಈ ಮೂರೂ ಈಗಾಗಲೇ ಇದ್ದು, ಬುಡವೂ ಭದ್ರವಾಗಿದ್ದರೆ ನಿಮ್ಮ ಕಲ್ಲುಗಳು ಇದ್ದಲ್ಲೇ ಇರಲಿ.