ಗುಟ್ಟು ಕಾಯುವ ಬೋಯ್, ಜೀವ ಕಾಯದ ಬೋಯ್

ಕಡಲಿನಲ್ಲಿ ಸಂದೇಶದ ಸುರಕ್ಷತೆ ಎಂದೊಡನೆ ಎಲ್ಲರೂ ಗೂಢಲಿಪಿಯ ಮಾತೆತ್ತುತ್ತಾರೆ. ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಕದನ ಕಲಿಸಿದ ಪಾಠ ಬೇರೆ. ಜರ್ಮನಿಯ ಜಲಾಂತರ್ಗಾಮಿಗಳಾದ ಯು-ಬೋಟುಗಳು ಎನಿಗ್ಮಾ ಯಂತ್ರದ ಗೂಢಲಿಪಿಯಲ್ಲಿ ಕಳಿಸುತ್ತಿದ್ದ ಸಂದೇಶಗಳನ್ನು ಬಿಡಿಸಲಾಗದ ದಿನಗಳಲ್ಲೂ ಮಿತ್ರಪಕ್ಷದ ಬೆಂಗಾವಲು ಹಡಗುಗಳು ರೇಡಿಯೊ ಅಲೆ ಬಂದ ದಿಕ್ಕನ್ನೇ ಹಿಡಿದು ಆ ಬೋಟುಗಳನ್ನು ಬೆನ್ನಟ್ಟುತ್ತಿದ್ದವು. ಮಾತು ಗುಟ್ಟಾಗಿಯೇ ಉಳಿಯಿತು, ಆಡಿದವನು ಸಿಕ್ಕಿಬಿದ್ದ.

ಈ ಸಂಕಟಕ್ಕೆ ಹುಡುಕಿಕೊಂಡ ದಾರಿಗಳಲ್ಲಿ ಅಮೆರಿಕದ ನೌಕಾಪಡೆಯ ಬಿಆರ್‌ಟಿ-1 ಎಂಬ ಬೋಯ್, ಅಂದರೆ ನೀರಿನ ಮೇಲೆ ತೇಲುವ ಸಾಧನ, ನನಗೆ ತುಂಬ ಹಿಡಿಸಿದ್ದು. ಜಲಾಂತರ್ಗಾಮಿಯ ಒಳಗೇ ಸುಮಾರು ನಾಲ್ಕು ನಿಮಿಷದ ಸಂದೇಶವನ್ನು ಅದರಲ್ಲಿ ಧ್ವನಿಮುದ್ರಿಸಿ, ಸಣ್ಣ ಕೊಳವೆಯ ಮೂಲಕ ಹೊರಗೆ ಬಿಡುತ್ತಾರೆ. ಅದು ಮೇಲೆ ತೇಲಿ ಬಂದು, ಮೊದಲೇ ಗೊತ್ತುಮಾಡಿದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಪ್ರಸಾರಕ್ಕೆ ತೊಡಗುತ್ತದೆ. ಅಷ್ಟರಲ್ಲಿ ನೌಕೆ ಅಲ್ಲಿಂದ ದೂರ ಸರಿದಿರುತ್ತದೆ. ದಿಕ್ಕು ಹಿಡಿದು ಬಂದ ಶತ್ರುವಿಗೆ ಸಿಗುವುದು ಬರೀ ನೀರು. ಮಾತನ್ನೂ ಮಾತಾಡಿದವರನ್ನೂ ಜಾಗದಲ್ಲಿ, ಕಾಲದಲ್ಲಿ ಬೇರ್ಪಡಿಸಿದ್ದೇ ಇದರ ನಿಜವಾದ ಜಾಣತನ.

ಕೊರತೆಯೂ ಅಲ್ಲೇ ಇದೆ. ಇದು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಸಂದೇಶ ತಲುಪಿತೇ ಎಂದು ತಿಳಿಯಲು ನೌಕೆ ಬೇರೆ ದಾರಿ ನೋಡಬೇಕು. ಆ ದಾರಿಯೂ ಸುಲಭದ್ದಲ್ಲ: ಉಪ್ಪುನೀರು ಸಾಮಾನ್ಯ ರೇಡಿಯೊ ಅಲೆಗಳನ್ನು ನುಂಗಿಹಾಕುತ್ತದೆ. ತೀರಾ ಕಡಿಮೆ ಆವರ್ತನದ ಅಲೆಗಳಷ್ಟೇ ಕೆಲವು ಮೀಟರು ಇಳಿಯುತ್ತವೆ. ತಮಿಳುನಾಡಿನ ವಿಜಯನಾರಾಯಣಂನಲ್ಲಿರುವ ನಮ್ಮ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರದ ಎತ್ತರದ ಗೋಪುರಗಳು ಇರುವುದು ಅಂಥ ಅಲೆಗಳನ್ನು ಕಳಿಸಲು. ಅವನ್ನು ಹಿಡಿಯಲು ನೌಕೆ ಮೇಲ್ಮೈಯ ಹತ್ತಿರ ಬರಬೇಕು, ಇಲ್ಲವೇ ಆಂಟೆನಾ ಹೊತ್ತ ಬೋಯನ್ನು ಕೇಬಲ್ಲಿಗೆ ಕಟ್ಟಿ ಎಳೆಯಬೇಕು. ಕೇಬಲ್ ಹಿಂದೆ ಇದ್ದಷ್ಟು ಹೊತ್ತು ವೇಗಕ್ಕೂ ತಿರುವಿಗೂ ಕಡಿವಾಣ.

ಇವೆಲ್ಲ ಸಹಿಸಬಹುದಾದ ಕೊರತೆಗಳು. ಸಹಿಸಲಾಗದ್ದು ನಡೆದದ್ದು ರಷ್ಯಾದ ಜಲಾಂತರ್ಗಾಮಿ ಕುರ್ಸ್ಕ್‌ನಲ್ಲಿ. 2000ದ ಆಗಸ್ಟ್ 12ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ಟಾರ್ಪಿಡೊ ಸ್ಫೋಟಗೊಂಡು ಅದು ನೂರಕ್ಕೂ ಹೆಚ್ಚು ಮೀಟರ್ ಆಳಕ್ಕೆ ಕುಸಿಯಿತು. ಅದರಲ್ಲೂ ಒಂದು ಬೋಯ್ ಇತ್ತು: ಅಪಾಯವಾದಾಗ ತಾನಾಗಿ ಬಿಡಿಸಿಕೊಂಡು ಮೇಲೆ ಬಂದು ಜಾಗ ಸಾರಬೇಕಾದದ್ದು. ಹಿಂದಿನ ವರ್ಷ ಮೆಡಿಟರೇನಿಯನ್ ಯಾನದಲ್ಲಿ, ಅದು ಅಕಸ್ಮಾತ್ ಕಳಚಿಕೊಂಡರೆ ಅಮೆರಿಕದವರಿಗೆ ಸುಳಿವು ಸಿಕ್ಕೀತೆಂದು ನಿಷ್ಕ್ರಿಯಗೊಳಿಸಿದ್ದರು. ದುರಂತದ ದಿನವೂ ಅದು ಹಾಗೇ ಇತ್ತು. ಹಿಂಭಾಗದ ಒಂಬತ್ತನೇ ಕೋಣೆಯಲ್ಲಿ 23 ಮಂದಿ ಇನ್ನೂ ಬದುಕಿದ್ದರು. ಕ್ಯಾಪ್ಟನ್-ಲೆಫ್ಟಿನೆಂಟ್ ದಿಮಿತ್ರಿ ಕೊಲೆಸ್ನಿಕೊವ್ ಆ 23 ಮಂದಿಯ ಪಟ್ಟಿಯನ್ನು ಕಾಗದದಲ್ಲಿ ಬರೆದಿಟ್ಟ. ಮೇಲಿದ್ದವರಿಗೆ ನೌಕೆಯ ಜಾಗ ಗೊತ್ತಾದದ್ದು ಮರುದಿನ. ನೌಕೆಯಲ್ಲಿದ್ದ 118 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಬೋಯ್ ಕೆಲಸ ಮಾಡಿದ್ದರೆ ಆ 23 ಜನ ಉಳಿಯುತ್ತಿದ್ದರೆಂದು ನಾನು ವಾದಿಸುವುದಿಲ್ಲ. ಆದರೆ ಹುಡುಕಾಟದ ಆ ಗಂಟೆಗಳು ಉಳಿಯುತ್ತಿದ್ದವು. ಸಂದೇಶದ ಬೋಯ್ ಯಾವಾಗ ಮಾತಾಡಬೇಕೆಂದು ನಾಯಕ ನಿರ್ಧರಿಸಲಿ, ಅದು ಸರಿ. ಅಪಾಯದ ಬೋಯ್ ಕೆಲಸ ಮಾಡಬೇಕಾದದ್ದು ನಿರ್ಧರಿಸುವವರೇ ಇಲ್ಲವಾದಾಗ. ಎರಡಕ್ಕೂ ಒಂದೇ ಗುಟ್ಟಿನ ನಿಯಮ ಹೊರಿಸುವ ನೌಕಾಪಡೆಯ ತಂತ್ರಜ್ಞಾನ ಎಷ್ಟೇ ನಯವಾಗಿರಲಿ, ನಾನು ಅದನ್ನು ಸುರಕ್ಷಿತವೆಂದು ಒಪ್ಪಲಾರೆ.