ಐದು ಸೆಕೆಂಡಿಗೆ ನಾಲ್ಕು ತಿಂಗಳು

ಛಾಯಾಚಿತ್ರಗಳನ್ನು ಒಂದರ ಹಿಂದೊಂದು ಪೋಣಿಸಿ ಚಲಿಸುವ ಚಿತ್ರ ಮಾಡಿಕೊಡುವ ಉಚಿತ ಸಾಧನಗಳಲ್ಲಿ ಯಾವುದು ಮೇಲು ಎಂಬುದು ಈ ವಾರದ ಅಂಕಣಕ್ಕೆ ಗೊತ್ತುಮಾಡಿದ ವಿಷಯ. ಅದರ ತೀರ್ಪಿಗೆ ಹೆಚ್ಚು ಮಾತು ಬೇಕಿಲ್ಲ. ಬ್ರೌಸರಿನಲ್ಲೇ ಕೆಲಸ ಮುಗಿಸಬೇಕೆನ್ನುವವರಿಗೆ ಈಝೀಜಿಫ್ ಸಾಕು. ಅದು ಚಿತ್ರದ ಮೂಲೆಯಲ್ಲಿ ತನ್ನ ಮುದ್ರೆಯನ್ನು ಒತ್ತುವುದಿಲ್ಲ ಮತ್ತು ಪ್ರತಿ ಚಿತ್ರ ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಬೇರೆ ಬೇರೆಯಾಗಿ ನಮೂದಿಸಲು ಅವಕಾಶ ಕೊಡುತ್ತದೆ. ಆದರೆ ಅಂತರ್ಜಾಲದ ಇಂಥ ಹೆಚ್ಚಿನ ಸಾಧನಗಳಿಗೆ ಚಿತ್ರವನ್ನು ಕೊಡುವುದೆಂದರೆ ಪರರ ಗಣಕಯಂತ್ರಕ್ಕೆ ಅದನ್ನು ಒಪ್ಪಿಸುವುದೆಂದೇ ಅರ್ಥವಾದ್ದರಿಂದ, ಮನೆಮಂದಿಯ ಮತ್ತು ಮಕ್ಕಳ ಚಿತ್ರಗಳಿಗೆ ಸ್ವಂತ ಗಣಕದಲ್ಲೇ ನಡೆಯುವ ಗಿಂಪ್ ತಂತ್ರಾಂಶವೇ ಸರಿ. ಅದರಲ್ಲಿ ಪ್ರತಿ ಛಾಯಾಚಿತ್ರವೂ ಒಂದು ಪದರವಾಗುತ್ತದೆ, ಪದರಗಳ ಸಾಲೇ ಚಲನೆಯಾಗುತ್ತದೆ.

ಈ ಚಿತ್ರಪ್ರಕಾರಕ್ಕೆ ಜಿಫ್ ಎಂದು ಹೆಸರು. ಕಂಪ್ಯೂಸರ್ವ್ ಸಂಸ್ಥೆಯಲ್ಲಿದ್ದ ಸ್ಟೀವ್ ವಿಲ್‌ಹೈಟ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಇದನ್ನು ರೂಪಿಸಿದರು. ಉಚ್ಚಾರ ‘ಗಿಫ್’ ಎಂದು ವಾದಿಸುವವರಿಗೆ ವಿಲ್‌ಹೈಟ್ ಅವರೇ 2013ರಲ್ಲಿ ‘ಜಿಫ್’ ಎಂದು ಉತ್ತರ ಕೊಟ್ಟಿರುವುದರಿಂದ ಆ ಜಗಳ ಮುಗಿದಂತೆಯೇ. ಒಂದು ಚೌಕಟ್ಟಿನಲ್ಲಿ 256 ಬಣ್ಣಗಳಿಗಿಂತ ಹೆಚ್ಚು ಹಿಡಿಸದ ಈ ಪ್ರಕಾರದಲ್ಲಿ ಸಂಜೆಯ ಆಕಾಶ ನುಣುಪಾಗಿ ಕಾಣದೆ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ಆ ಪಟ್ಟೆಗಳನ್ನು ಮರೆಸಲು ಚುಕ್ಕೆಗಳನ್ನು ಚೆಲ್ಲಿದರೆ ಕಡತದ ಗಾತ್ರ ಉಬ್ಬುತ್ತದೆ. 1989ರ ಪರಿಷ್ಕರಣೆಯಲ್ಲಿ ಪ್ರತಿ ಚೌಕಟ್ಟಿನ ತಂಗುಗಾಲವನ್ನು, ಅಂದರೆ ಅದು ಕಣ್ಣಮುಂದೆ ನಿಲ್ಲುವ ಅವಧಿಯನ್ನು, ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಗೊತ್ತುಪಡಿಸುವ ಸೌಕರ್ಯ ಬಂತು. ಉಳಿದೆಲ್ಲ ಗುಂಡಿಗಳಿಗಿಂತ ಈ ಒಂದು ಅಂಕಿಯೇ ಚಿತ್ರವನ್ನು ಉಳಿಸುವುದೂ ಕೆಡಿಸುವುದೂ. ಆದರೂ ಹೊಸಬರಲ್ಲಿ ಹೆಚ್ಚಿನವರು ಅದನ್ನು ಮುಟ್ಟದೆ, ಸಾಧನ ತಾನೇ ತುಂಬಿಟ್ಟ ಅಂಕಿಗೆ ಒಪ್ಪಿಬಿಡುತ್ತಾರೆ.

ಸಾಧನಗಳ ಮಾತು ಇಲ್ಲಿಗೆ ಸಾಕು. ಪುಣೆಯಲ್ಲಿ ಕುಳಿತು ಈ ವಿಷಯ ಬರೆಯುವವರು ತಮ್ಮ ನೆರೆಯಲ್ಲೇ ಇರುವ ಒಂದು ದೊಡ್ಡ ಮಾದರಿಯನ್ನು ದಾಟಿಹೋಗುವುದು ಸಾಧ್ಯವಿಲ್ಲ. ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂದು ನೆಲೆಸಿತು, ಅದರ ಆವರಣದಲ್ಲೇ 1960ರಲ್ಲಿ ಚಲನಚಿತ್ರ ತರಬೇತಿ ಸಂಸ್ಥೆ ಆರಂಭವಾಯಿತು, 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಇದೇ ಊರಲ್ಲಿ ಸ್ಥಾಪನೆಗೊಂಡಿತು. ದಾದಾಸಾಹೇಬ ಫಾಳ್ಕೆಯವರ ಚಿತ್ರಗಳಲ್ಲಿ ಅಳಿದುಳಿದ ಭಾಗಗಳು ನಮ್ಮ ಕಾಲಕ್ಕೆ ದಕ್ಕಿದ್ದರೆ ಅದರಲ್ಲಿ ಈ ಸಂಗ್ರಹಾಲಯದ ಪಿ.ಕೆ. ನಾಯರ್ ಅವರ ಪಾಲು ದೊಡ್ಡದು. ಫಾಳ್ಕೆಯವರ ಹೆಸರಿನೊಡನೆ ಎಲ್ಲರಿಗೂ ನೆನಪಾಗುವುದು 1913ರ ‘ರಾಜಾ ಹರಿಶ್ಚಂದ್ರ’. ಈ ಅಂಕಣದ ಪಾಲಿಗೆ ಅದಕ್ಕೂ ಮಿಗಿಲಾದ ಕೃತಿಯೆಂದರೆ ಅದಕ್ಕೆ ಮುನ್ನ ತಯಾರಾದ ಪುಟ್ಟದೊಂದು ಚಿತ್ರ, ‘ಅಂಕುರಾಚೀ ವಾಢ’, ಅಂದರೆ ಮೊಳಕೆಯ ಬೆಳವಣಿಗೆ.

1912ರಲ್ಲಿ ಲಂಡನ್ನಿನಿಂದ ವಿಲಿಯಮ್‌ಸನ್ ಕ್ಯಾಮೆರಾ ತರಿಸಿಕೊಂಡ ಫಾಳ್ಕೆಯವರಿಗೆ ಚಿತ್ರಕಥೆಗಿಂತ ಮೊದಲು ಬೇಕಾಗಿದ್ದದ್ದು ಬಂಡವಾಳ. ಚಲನಚಿತ್ರವೆಂಬ ಉದ್ಯಮ ಈ ನೆಲದಲ್ಲಿ ಸಾಧ್ಯವೆಂದು ಹಣವುಳ್ಳವರಿಗೆ ಮನವರಿಕೆ ಮಾಡಿಕೊಡಲು ಅವರು ಆರಿಸಿಕೊಂಡ ನಾಯಕ ಕುಂಡದಲ್ಲಿ ಊರಿದ ಒಂದು ಬಟಾಣಿ ಕಾಳು. ಕ್ಯಾಮೆರಾವನ್ನು ಕದಲದಂತೆ ಒಂದೆಡೆ ನಿಲ್ಲಿಸಿ, ಅಂತರ ಬಿಟ್ಟುಬಿಟ್ಟು ಒಂದೊಂದೇ ಚೌಕಟ್ಟನ್ನು ಸೆರೆಹಿಡಿಯುತ್ತ, ಕಾಳು ಬಿರಿದು ಮೊಳೆತು ಗಿಡವಾಗುವವರೆಗೂ ಅವರು ಕಾದರು; ದಿನಗಟ್ಟಲೆ ನಡೆದದ್ದನ್ನು ಕ್ಷಣಗಳಿಗೆ ಇಳಿಸುವ ಈ ವಿಧಾನವನ್ನು ಇಂದಿನ ಛಾಯಾಗ್ರಾಹಕರು ಟೈಮ್‌ಲ್ಯಾಪ್ಸ್ ಎನ್ನುತ್ತಾರೆ. ಅಂದಿನ ಕಚ್ಚಾ ಫಿಲ್ಮಿನ ಅಂಚಿಗೆ ತೂತು ಕೊರೆಯುವ ಕೆಲಸವನ್ನೂ ಮನೆಯಲ್ಲಿ ಕತ್ತಲಲ್ಲೇ ಮಾಡಬೇಕಿತ್ತು, ಅದರಲ್ಲಿ ಪತ್ನಿ ಸರಸ್ವತೀಬಾಯಿ ಅವರ ಕೈಯೂ ಇತ್ತು. ಆ ಕಿರುಚಿತ್ರವನ್ನು ತೋರಿಸಿದ ಮೇಲೆ ಸಾಲ ಹುಟ್ಟಿತು, ಸಾಲದಿಂದ ‘ಹರಿಶ್ಚಂದ್ರ’ ಹುಟ್ಟಿತು. ನಟರಿಲ್ಲ, ವೇಷವಿಲ್ಲ, ಕಥೆಯಿಲ್ಲ. ಒಂದು ಕಾಳಿನ ನಿಧಾನ ಮತ್ತು ಅದಕ್ಕೆ ತಕ್ಕಂತೆ ಕಾದ ಮನುಷ್ಯನ ನಿಧಾನ, ಇವೆರಡೇ ಆ ಚಿತ್ರದ ದ್ರವ್ಯ. ಭಾರತೀಯ ಚಿತ್ರೋದ್ಯಮ ಒಂದು ಜಿಫ್‌ನಿಂದ ಆರಂಭವಾಯಿತು ಎಂದರೆ ಅದು ಅತ್ಯುಕ್ತಿಯಾಗದು, ಏಕೆಂದರೆ ಬಿಡಿಚಿತ್ರಗಳನ್ನು ಪೋಣಿಸಿ ಚಲನೆ ಹುಟ್ಟಿಸುವ ತತ್ವ ಎರಡಕ್ಕೂ ಒಂದೇ.

ಈ ಮಾದರಿಗೆ ತೀರ ಎದುರು ನಿಲ್ಲುವ ಪಂಥವೊಂದು ಈಗ ಮೇಲುಗೈ ಪಡೆಯುತ್ತಿದೆ, ಅದರ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಲೇಬೇಕು. 2021ರ ಫೆಬ್ರುವರಿಯಲ್ಲಿ ಮೈಹೆರಿಟೇಜ್ ಸಂಸ್ಥೆ ‘ಡೀಪ್ ನಾಸ್ಟಾಲ್ಜಿಯಾ’ ಎಂಬ ಸೌಕರ್ಯವನ್ನು ಹೊರತಂದಂದಿನಿಂದ, ಒಂದೇ ಒಂದು ಹಳೆಯ ಛಾಯಾಚಿತ್ರ ಕೊಟ್ಟರೆ ಅದರಲ್ಲಿರುವವರು ಕಣ್ಣು ಮಿಟುಕಿಸುವಂತೆ, ತಲೆ ಹೊರಳಿಸುವಂತೆ, ನಗುವಂತೆ ಮಾಡಿಕೊಡುವ ಸಾಧನಗಳು ಹರಡಿವೆ. ಡೀಪ್ ನಾಸ್ಟಾಲ್ಜಿಯಾದ ಒಳಗುಟ್ಟು ಸರಳವಾದುದು: ಮೊದಲೇ ಚಿತ್ರೀಕರಿಸಿಟ್ಟ ಬೇರೊಬ್ಬರ ಮುಖದ ಚಲನೆಯನ್ನು ಯಂತ್ರ ಆ ಹಳೆಯ ಮುಖಕ್ಕೆ ತೊಡಿಸುತ್ತದೆ, ಚಿತ್ರದಲ್ಲಿ ಕಾಣದ ಹಲ್ಲು, ಕಿವಿ, ಕೆನ್ನೆಯ ಮಡಿಕೆಗಳನ್ನು ಊಹಿಸಿ ತುಂಬುತ್ತದೆ. ತೀರಿಹೋದ ಅಜ್ಜಿ ನಕ್ಕಳೆಂದು ಮೊಮ್ಮಕ್ಕಳು ಕಣ್ಣೀರು ಹಾಕುವಾಗ ಪರದೆಯ ಮೇಲೆ ಕಾಣುವುದು ಅವಳ ನಗೆಯಲ್ಲ, ಅವಳನ್ನು ಎಂದೂ ಕಾಣದ ಯಾರದೋ ತುಟಿಯ ಅಲುಗಾಟ. ಆ ಕಣ್ಣೀರು ನಿಜವಾದುದು, ಅದಕ್ಕೆ ಗೌರವ ಸಲ್ಲಬೇಕು. ಹಾಗಿದ್ದೂ ಅಜ್ಜಿ ನಗುತ್ತಿದ್ದ ಬಗೆ ನೆನಪಿರುವವರ ಮನಸ್ಸಿನಲ್ಲಿ ಈ ಎರವಲು ನಗೆ ಬಂದು ಕೂತು ಹಳೆಯದನ್ನು ಹೊರದಬ್ಬುವ ಅಪಾಯವನ್ನು ಈ ಪಂಥದವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡು ಚೌಕಟ್ಟಿನ ನಡುವಿನದನ್ನು ನೋಡುವವನ ಕಣ್ಣಿಗೆ ಬಿಡುವುದು ಜಿಫ್‌ನ ಮರ್ಯಾದೆ. ಇಲ್ಲದ ಚೌಕಟ್ಟನ್ನು ಕಲ್ಪಿಸಿ ಸೇರಿಸುವುದು ಬೇರೆಯೇ ಕಸುಬು, ಅದಕ್ಕೆ ಛಾಯಾಚಿತ್ರವೆಂಬ ಹೆಸರು ಸಲ್ಲದು.

ಪುಣೆಯ ಕೊಂಢವಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಂಥ ಜಿಫ್ ಮಾಡಲು ಬಟಾಣಿಯನ್ನು ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ. ಇಲ್ಲಿನ ಊರುಗಳ ಹೆಸರಿನಲ್ಲಿ ಖುರ್ದ್ ಎಂದರೆ ಚಿಕ್ಕದು, ಬುದ್ರುಕ್ ಎಂದರೆ ದೊಡ್ಡದು. ನಮ್ಮಲ್ಲಿ ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಇರುವಂತೆ ಇಲ್ಲಿ ಕೊಂಢವಾ ಖುರ್ದ್, ಕೊಂಢವಾ ಬುದ್ರುಕ್ ಇವೆ. ಹಳ್ಳಿಗಳಾಗಿದ್ದ ಇವೆರಡೂ ಬಹುಮಹಡಿ ಕಟ್ಟಡಗಳ ನಗರಭಾಗವಾಗಿ ಬೆಳೆದ ಕಥೆಗೆ ಒಂದೇ ಕಿಟಕಿಯಿಂದ ತೆಗೆದ ಚಿತ್ರಗಳ ಸಾಲಿಗಿಂತ ಒಳ್ಳೆಯ ದಾಖಲೆ ಇರಲಾರದು. ಇನ್ನೂ ಚೆಲುವಾದ ವಸ್ತು ದಕ್ಷಿಣಕ್ಕಿದೆ: ಯೇವಲೆವಾಡಿ ದಾಟಿ ಸಾಸ್ವಡದತ್ತ ಏರುವ ಬೋಪದೇವ ಘಾಟಿನ ಗುಡ್ಡಗಳು ಮೇ ತಿಂಗಳಲ್ಲಿ ಒಣಹುಲ್ಲಿನ ಕಂದುಬಣ್ಣದಲ್ಲಿದ್ದು, ಮುಂಗಾರು ಬಿದ್ದ ಮೇಲೆ ಹಸಿರೇರುತ್ತವೆ. ಆ ಹಸಿರು ಏರುವುದನ್ನು ಒಂದು ದಿನ ನಿಂತು ನೋಡಿದರೆ ಕಾಣುವುದಿಲ್ಲ. ಅದಕ್ಕೆ ಫಾಳ್ಕೆಯವರ ವಿಧಾನವೇ ಬೇಕು.

ಈ ಕೆಲಸದಲ್ಲಿ ಕೆಡುವುದು ಎರಡೇ ಕಡೆ. ಫೋನು ತಾನಾಗಿಯೇ ಬೆಳಕನ್ನೂ ಬಣ್ಣವನ್ನೂ ಹೊಂದಿಸಿಕೊಳ್ಳುತ್ತ ಹೋದರೆ ಜೋಡಿಸಿದ ಚಿತ್ರ ಮಿಣುಕುತ್ತದೆಯಾದ್ದರಿಂದ ಅವೆರಡನ್ನೂ ಬೀಗಹಾಕಿ, ಮೋಡವಿರಲಿ ಬಿಸಿಲಿರಲಿ ಒಂದೇ ಹೊತ್ತಿಗೆ ತೆಗೆಯಬೇಕು. ಮುಕ್ಕಾಲಿಯನ್ನು ಒಂದೇ ಗುರುತಿನ ಮೇಲೆ ಇಡಬೇಕು. ಆದರೂ ಉಳಿಯುವ ಅಲ್ಪಸ್ವಲ್ಪ ಓರೆಯನ್ನು ಉಚಿತವಾಗಿಯೇ ಸಿಗುವ ಹ್ಯೂಗಿನ್ ತಂತ್ರಾಂಶ ಸರಿಪಡಿಸುತ್ತದೆ. ಅಗಲವನ್ನು 600 ಬಿಂದುಗಳಿಗೆ ಇಳಿಸಿ, ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ ಪ್ರತಿ ಚೌಕಟ್ಟಿಗೆ 20, ಕೊನೆಯದಕ್ಕೆ ಮಾತ್ರ 150 ಎಂದು ತಂಗುಗಾಲ ಕೊಟ್ಟರೆ, ಗುಡ್ಡ ಹಸಿರಾಗಿ ನಿಂತದ್ದನ್ನು ಕಣ್ಣು ತುಂಬಿಕೊಳ್ಳಲು ಬಿಡುವು ಸಿಗುತ್ತದೆ.

ಮೇ ತಿಂಗಳ ಕೊನೆಯ ಭಾನುವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ವಾರಕ್ಕೊಂದರಂತೆ ತೆಗೆದರೆ ಹದಿನೆಂಟೋ ಹತ್ತೊಂಬತ್ತೋ ಚಿತ್ರಗಳಾಗುತ್ತವೆ, ಓಡಿಸಿದರೆ ಸುಮಾರು ಐದು ಸೆಕೆಂಡು. ಮಳೆಗೆ ಮುಂಚಿನ ಕಂದು ಗುಡ್ಡದ ಚಿತ್ರವನ್ನು ಮಾತ್ರ ಆಮೇಲೆ ತೆಗೆಯಲಾಗದು. ಓದುಗರು ಅದೊಂದನ್ನು ತಪ್ಪಿಸಿಕೊಳ್ಳದಿರಲಿ.