ಶುಭಚಿಂತನೆಯೂ ನಿದಾನವೂ

ಗೃಹಸ್ಥರ ಮನಸ್ಸಿಗೆ ಉತ್ಸಾಹವನ್ನು ತುಂಬಲು ಹೊರಟ ಗ್ರಂಥಗಳು ಇಂದು ಮಲೆನಾಡಿನ ಮನೆಗಳ ಕಪಾಟುಗಳಲ್ಲಿಯೂ ಸ್ಥಾನ ಪಡೆದಿವೆ. ಅಮೆರಿಕದ ಧರ್ಮಬೋಧಕ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಪ್ರಕಟಿಸಿದ ‘ದಿ ಪವರ್ ಆಫ್ ಪಾಸಿಟಿವ್ ಥಿಂಕಿಂಗ್’ ಆತ್ಮವಿಶ್ವಾಸವನ್ನೂ ಪ್ರಾರ್ಥನೆಯನ್ನೂ ಬೋಧಿಸಿತು. 2006ರಲ್ಲಿ ಬಂದ ರೋಂಡಾ ಬೈರ್ನ್ ಅವರ ‘ದಿ ಸೀಕ್ರೆಟ್’ ಇನ್ನೂ ಮುಂದೆ ಹೋಗಿ, ಬಯಸಿದ್ದು ಈಗಾಗಲೇ ಕೈಸೇರಿತೆಂದು ದೃಢವಾಗಿ ಭಾವಿಸಿದರೆ ವಿಶ್ವವೇ ಅದನ್ನು ತಂದೊಪ್ಪಿಸುತ್ತದೆಂದು ಸಾರಿತು. ಎರಡನ್ನೂ ‘ಸಕಾರಾತ್ಮಕ ಚಿಂತನೆ’ ಎಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿಯಾಗಿದೆ. ಜೈನ ದೃಷ್ಟಿಯಿಂದ ಪರಿಶೀಲಿಸಿದರೆ ಇಲ್ಲಿ ಗ್ರಾಹ್ಯವಾದುದೂ ತ್ಯಾಜ್ಯವಾದುದೂ ಬೆರೆತಿರುವುದು ಗೋಚರಿಸುತ್ತದೆ.

ಗ್ರಾಹ್ಯವಾದುದು ಅಲ್ಪವೇನಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳಿದ್ದಾರೆ. ಪಕ್ಕದ ಅಂಗಡಿಯ ವರ್ತಕನು ನ್ಯಾಯವಾಗಿ ಏಳಿಗೆ ಹೊಂದಿದಾಗ ಹೊಟ್ಟೆಕಿಚ್ಚಿಗೆ ಬದಲಾಗಿ ಸಂತೋಷಪಡಲು ಕಲಿತವನ ನಿದ್ರೆಯೂ ವ್ಯವಹಾರವೂ ಹಸನಾಗುತ್ತವೆ. ಪರೀಕ್ಷೆಯಲ್ಲಿ ಸೋತ ಬಾಲಕನಿಗೆ ಪುನಃ ಪುಸ್ತಕ ಹಿಡಿಯುವ ಧೈರ್ಯ ಬರುವುದೂ ಇಂಥ ಶುಭಚಿಂತನೆಯಿಂದಲೇ.

ಆದರೆ ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನದ ನಾಲ್ಕು ಬಗೆಗಳನ್ನು ಎಣಿಸುತ್ತ, ಅನಿಷ್ಟಸಂಯೋಗ, ಇಷ್ಟವಿಯೋಗ, ವೇದನೆಗಳೊಡನೆ ನಿದಾನವನ್ನೂ ಸೇರಿಸಿದೆ. ಇಲ್ಲಿ ನಿದಾನವೆಂದರೆ ವೈದ್ಯರು ಮಾಡುವ ರೋಗನಿದಾನವಲ್ಲ. ಮುಂದೆ ಭೋಗವು ದೊರೆಯಲೆಂದು ಚಿತ್ತವನ್ನು ಅದರಲ್ಲಿಯೇ ನೆಟ್ಟಿಡುವ ಹಂಬಲ. ವ್ರತಿಯು ಕಿತ್ತೊಗೆಯಬೇಕಾದ ಮೂರು ಶಲ್ಯಗಳಲ್ಲಿಯೂ ಅದು ಒಂದು. ಹೊಸ ಮನೆಯನ್ನೂ ಹಣವನ್ನೂ ಕಣ್ಣುಮುಚ್ಚಿ ಚಿತ್ರಿಸಿಕೊಳ್ಳಬೇಕೆನ್ನುವ ಉಪದೇಶವು ನಗುಮುಖದ ಆರ್ತಧ್ಯಾನವಲ್ಲದೆ ಬೇರೆಯಲ್ಲ.

ಲೌಕಿಕ ದೃಷ್ಟಿಯಿಂದಲೂ ಇದು ಫಲಕಾರಿಯಲ್ಲ. ಮನೋವಿಜ್ಞಾನಿ ಗೇಬ್ರಿಯೆಲ್ ಓಟಿಂಗೆನ್ ಮತ್ತು ಥಾಮಸ್ ವಾಡನ್ ಅವರು ದೇಹತೂಕವನ್ನು ಇಳಿಸಲು ಯತ್ನಿಸುತ್ತಿದ್ದ ಮಹಿಳೆಯರ ಕುರಿತು ನಡೆಸಿದ ಅಧ್ಯಯನವು 1991ರಲ್ಲಿ ಪ್ರಕಟವಾಯಿತು. ಯಶಸ್ಸು ಸಾಧ್ಯವೆಂದು ನಂಬಿದವರು ಹೆಚ್ಚು ತೂಕ ಕಳೆದುಕೊಂಡರು. ಯಶಸ್ಸಿನ ಸುಂದರ ಕಲ್ಪನೆಗಳಲ್ಲಿ ವಿಹರಿಸಿದವರು ಕಡಿಮೆ ಕಳೆದುಕೊಂಡರು. ಭರವಸೆ ಬೇರೆ, ಹಗಲುಗನಸು ಬೇರೆ.

ಈ ವಿವೇಚನೆಯ ಅಗತ್ಯವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಕಣ್ಣಿಗೆ ಕಟ್ಟುವಂತಿದೆ. ಇಲ್ಲಿ ಬೇರೂರಿರುವ ಹಳದಿ ಎಲೆ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ. ಅದನ್ನು ಮರದಿಂದ ಮರಕ್ಕೆ ಒಯ್ಯುವುದು ರಸ ಹೀರುವ ಜಿಗಿಹುಳು. ಸೋಗೆಯ ತುದಿ ಹಳದಿಯಾಗುತ್ತದೆ, ಕಾಯಿ ಉದುರುತ್ತದೆ, ಇಳುವರಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ರೋಗವನ್ನು ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ನೀರು ಬಸಿದುಹೋಗುವ ವ್ಯವಸ್ಥೆ, ಸಮತೋಲಿತ ಗೊಬ್ಬರ, ಕಾಳುಮೆಣಸು ಕಾಫಿಗಳಂಥ ಜೊತೆ ಬೆಳೆ ಇವುಗಳಿಂದ ಸಂಸಾರವನ್ನು ನಿಭಾಯಿಸಬಹುದಷ್ಟೆ. ‘ಎಲ್ಲವೂ ಸರಿಹೋಗುತ್ತದೆ’ ಎಂಬ ನಂಬಿಕೆಯ ಮೇಲೆ ಅದೇ ತೋಟವನ್ನು ಒತ್ತೆಯಿಟ್ಟು ಮತ್ತೆ ಸಾಲ ಮಾಡುವವನಿಗೆ ಆ ನಂಬಿಕೆಯೇ ಎರಡನೆಯ ರೋಗವಾಗುತ್ತದೆ.

ಲೆಕ್ಕಶಾಸ್ತ್ರದಲ್ಲಿ ಒಂದು ಹಳೆಯ ನಿಯಮವುಂಟು: ಬರಲಿರುವ ಲಾಭವನ್ನು ಜಮೆ ಹಿಡಿಯಬಾರದು, ಸಂಭವಿಸಬಹುದಾದ ನಷ್ಟಕ್ಕೆ ಮುಂಚಿತವಾಗಿಯೇ ಅವಕಾಶ ಕಲ್ಪಿಸಬೇಕು. ಇದನ್ನು ಪಾಲಿಸುವ ವರ್ತಕನನ್ನು ನಿರಾಶಾವಾದಿಯೆಂದು ಯಾರೂ ಕರೆಯುವುದಿಲ್ಲ. ದ್ವಾದಶಾನುಪ್ರೇಕ್ಷೆಗಳೂ ಆತ್ಮದ ಖಾತೆಗೆ ಇದೇ ಎಚ್ಚರವನ್ನು ಕಲಿಸುತ್ತವೆ. ಅನಿತ್ಯ, ಅಶರಣ ಎಂದು ಚಿಂತಿಸುವುದು ಕುಗ್ಗುವುದಕ್ಕಲ್ಲ. ಇದ್ದುದನ್ನು ಇದ್ದಂತೆ ಕಂಡು ಮಾಡಬೇಕಾದುದನ್ನು ಮಾಡುವುದಕ್ಕೆ.

ಸಕಾರಾತ್ಮಕ ಚಿಂತನೆಯ ಅತಿ ದೊಡ್ಡ ದೋಷವು ಪರರ ದುಃಖದ ಎದುರಿನಲ್ಲಿ ಬಯಲಾಗುತ್ತದೆ. ವಿಚಾರವೇ ಫಲವನ್ನು ತರುವುದಾದರೆ, ಕಷ್ಟಕ್ಕೆ ಸಿಲುಕಿದವನ ವಿಚಾರವೇ ಕೆಟ್ಟದ್ದೆಂದಾಯಿತು. ಆದರೆ ಈ ತಪ್ಪನ್ನು ಹೊರಗಿನವರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ‘ಪೂರ್ವಕರ್ಮ’ ಎಂಬ ಒಂದೇ ಮಾತಿನಿಂದ ನೊಂದವನನ್ನು ಸಾಗಹಾಕುವ ಶ್ರಾವಕನೂ ಅದನ್ನೇ ಮಾಡುತ್ತಾನೆ. ಕರ್ಮಸಿದ್ಧಾಂತವು ತನ್ನನ್ನು ತಿದ್ದಿಕೊಳ್ಳಲು ಇರುವುದೇ ಹೊರತು ನೆರೆಯವನನ್ನು ತೂಗಲು ಅಲ್ಲ. ನೆರೆಯವನಿಗೆ ಸಲ್ಲಬೇಕಾದುದು ಕಾರುಣ್ಯ.

ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ದೇವಿಯ ಸನ್ನಿಧಿಗೆ ಹರಕೆ ಹೊತ್ತು ಬರುವ ಕುಟುಂಬಗಳಲ್ಲಿ ಭಕ್ತಿಯೂ ಇದೆ, ಭಯವೂ ಇದೆ. ಅವರಿಗೆ ಭರವಸೆಯ ಮಾತು ಬೇಡವೆನ್ನಲಾಗದು. ಬಸದಿಗಳ ಆಡಳಿತ ಮಂಡಳಿಗಳು ಪ್ರವಚನದೊಡನೆ, ಸಾಲದ ಲೆಕ್ಕವನ್ನು ಬಿಚ್ಚಿ ನೋಡಲು ನೆರವಾಗುವ ಒಬ್ಬ ಹಿರಿಯರನ್ನೂ ತೋಟದ ಬಗ್ಗೆ ತಿಳಿಹೇಳುವ ಒಬ್ಬ ಕೃಷಿತಜ್ಞರನ್ನೂ ಒದಗಿಸಿದರೆ ಆ ಭರವಸೆಗೆ ಆಧಾರ ದೊರೆಯುತ್ತದೆ. ಸಮ್ಯಗ್ದರ್ಶನದ ಬೆನ್ನಿಗೆ ಜ್ಞಾನ ಮತ್ತು ಚಾರಿತ್ರಗಳನ್ನು ಪೂರ್ವಾಚಾರ್ಯರು ಇರಿಸಿರುವುದು ಈ ಕಾರಣದಿಂದಲೇ.